ಉತ್ತರ ಕೊಡಲಾಗಿಲ್ಲ

ತರೀಕೆರೆಯಿಂದ ಇನ್‌ಸ್ಪೆಕ್ಷನ್ನಿಗೆ ಬಂದಿದ್ದ ಶಿಕ್ಷಣ ಇಲಾಖೆಯ ಎ.ಇ.ಓ. ಸಾಹೇಬರ ಜೀಪು ಅಜ್ಜಂಪುರದ ರಸ್ತೆ ಹಿಡಿದು, ಅದರ ಧೂಳು ಕೂರುವ ತನಕ ಹೆಡ್‌ಮಾಸ್ಟರ್ ಬೆನಕಪ್ಪನವರು ಬಾಯಿ ಬಿಡಲಿಲ್ಲ. ಧೂಳು ಕೂತ ಮೇಲೆ ಆಫೀಸು ಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡಿ, ದಾಕ್ಷಾಯಣಿಯ ಪಾಠ ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಎಂಬತ್ತನಾಲ್ಕನೆಯ ಪುಟ ತೆರೆದರು.

“ಓದಿ ತಾಯಿ. ನೀವೇ ಬರ್ದಿರೋದು, ನೀವೇ ಓದಿ.”

ದಾಕ್ಷಾಯಣಿಗೆ ಓದುವ ಅಗತ್ಯವಿರಲಿಲ್ಲ. ತಾನು ಬರೆದ ಯಾವ ಸಾಲನ್ನೂ ಅವಳು ಮರೆಯುತ್ತಿರಲಿಲ್ಲ. ಶುಕ್ರವಾರದ ಕೊನೆಯ ಅವಧಿ, ಏಳನೆಯ ತರಗತಿ, ನೀತಿ ಶಿಕ್ಷಣ. ಪಾಠ: ಎಲ್ಲ ಧರ್ಮಗಳ ಸಾರ ಒಂದೇ. ಉಪಕರಣ: ಆರು ಧರ್ಮಗಳ ಭಿತ್ತಿಪಟ. ಅದರ ಕೆಳಗೆ, ಮಕ್ಕಳ ಪ್ರತಿಕ್ರಿಯೆ ಎಂಬಲ್ಲಿ, ಅವಳದೇ ದುಂಡು ಅಕ್ಷರಗಳು: “ಎಲ್ಲ ಧರ್ಮವೂ ಒಂದೇ ಆದರೆ ಸೋಮವಾರ ನಾವು ಏಳು ಜನ ಮಾತ್ರ ಯಾಕೆ ಜಗಲಿಯ ಮೇಲೆ ಕೂರುತ್ತೇವೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಉತ್ತರ ಕೊಡಲಾಗಿಲ್ಲ.”

ಆ ಕೊನೆಯ ಎರಡು ಪದಗಳ ಸುತ್ತ ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಗುಂಡಗೆ ಎಳೆದಿದ್ದರು. ಪಕ್ಕದಲ್ಲಿ, “ವಿವರಣೆ? ಹದಿನೈದು ದಿನದೊಳಗೆ.”

“ಇದರ ಕೆಳಗಡೆ ಯಾರ ಸೈನ್ ಐತೆ ನೋಡಿ,” ಎಂದರು ಬೆನಕಪ್ಪ.

ಅವರದೇ ಸೈನಿತ್ತು. ವಾರಕ್ಕೊಮ್ಮೆ ಎಲ್ಲ ಶಿಕ್ಷಕರ ಟಿಪ್ಪಣಿ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಎಲೆಗೆ ಸುಣ್ಣ ಹಚ್ಚುವ ಹಾಗೆ ಬೇಗ ಬೇಗ ಸೈನು ಹಾಕುವುದು ಅವರ ಕ್ರಮ. ಓದುವ ಕ್ರಮ ಇರಲಿಲ್ಲ.

“ಓದ್ದಲೇ ಸೈನ್ ಹಾಕ್ದೆ ಅಂತ ವಿವರಣೆ ಬರೀಲಾ? ಇಲ್ಲ, ಓದಿ ಸುಮ್ನಿದ್ದೆ ಅಂತ ಬರೀಲಾ? ಎರಡ್ರಲ್ಲಿ ಯಾವ್ದು ವಾಸಿ ನೀವೇ ಹೇಳಿ.”

ದಾಕ್ಷಾಯಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಅವಳೇನು ಧೈರ್ಯದ ಹೆಂಗಸಲ್ಲ. ಧೈರ್ಯವಿಲ್ಲದ್ದಕ್ಕೇ ಆ ಸಾಲು ಬರೆದದ್ದು. ಸುಳ್ಳು ಬರೆದವರು ಅದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಯಾರಾದರೂ ಕೇಳಿದರೆ ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕಬೇಕು. ಅಷ್ಟು ದೂರ ಯೋಚಿಸುವುದೇ ಅವಳಿಗೆ ಭಯ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುವುದು ಅವಳಿಗೆ ಅಭ್ಯಾಸ. ಅದು ಹೀಗೆ ತಿರುಗಿ ಬಂದು ತನ್ನನ್ನೇ ಹಿಡಿಯುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಸಿದ್ದನಕೊಪ್ಪಲಿನ ಸರ್ಕಾರಿ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಊರಿನ ಮಠದವರು ತಮ್ಮ ಹೊರಗಿನ ಹಜಾರವನ್ನೂ ಅದರ ಪಕ್ಕದ ಎರಡು ಕೋಣೆಗಳನ್ನೂ ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದರು. ಹಜಾರದ ಒಂದು ತುದಿಗೆ ಹಿಂದಿನ ಸ್ವಾಮಿಗಳೊಬ್ಬರ ಗದ್ದಿಗೆ. ಮಂಗಳವಾರದಿಂದ ಶನಿವಾರದ ತನಕ ಗದ್ದಿಗೆಗೆ ಪರದೆ ಎಳೆದಿರುತ್ತಿತ್ತು. ದೊಡ್ಡ ತರಗತಿಗಳ ಐವತ್ತೆರಡು ಮಕ್ಕಳೂ ಅದಕ್ಕೆ ಬೆನ್ನು ಹಾಕಿ ಕೂತು ಮಗ್ಗಿ ಹೇಳುತ್ತಿದ್ದರು. ಸೋಮವಾರ ಮೊದಲ ಅವಧಿಯಲ್ಲಿ ಮಾತ್ರ ಪರದೆ ಸರಿಯುತ್ತಿತ್ತು. ಮಠದ ಆಡಳಿತ ನೋಡುವ ಮಲ್ಲಿಕಾರ್ಜುನಯ್ಯನವರು ಬಂದು ದೀಪ ಹಚ್ಚಿ, ತಟ್ಟೆಯಲ್ಲಿ ವಿಭೂತಿ ಹಿಡಿದು ಸಾಲು ಸಾಲಾಗಿ ಮಕ್ಕಳ ಹಣೆಗೆ ಹಚ್ಚುತ್ತಿದ್ದರು. ಲಿಂಗ ಕಟ್ಟದ ಮನೆಯವರು ಗದ್ದಿಗೆಯ ಎದುರು ಕೂರಬಾರದು. ಊರಾಚೆಯ ಹಟ್ಟಿಯಿಂದ ಬರುವ ಏಳು ಮಕ್ಕಳು ಗಂಟೆ ಹೊಡೆದ ಕೂಡಲೇ ತಾವಾಗಿ ಎದ್ದು ಹೊರಗಿನ ಜಗಲಿಗೆ ಹೋಗುತ್ತಿದ್ದರು. ಗಾಳಿಗೆ ದೀಪ ಆರಬಾರದೆಂದು ಕೊನೆಗೆ ಹೋಗುವವರು ಬಾಗಿಲು ಎಳೆದುಕೊಳ್ಳಬೇಕು. ಹೋಗಿ ಎಂದು ಯಾರೂ ಹೇಳುತ್ತಿರಲಿಲ್ಲ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಆ ಮುಕ್ಕಾಲು ಗಂಟೆಯ ಎದುರು ‘ಪ್ರಾರ್ಥನೆ’ ಎಂದಿತ್ತು, ಅಷ್ಟೇ.

ಕೇಳಿದವಳು ಹುಲಿಗೆಮ್ಮ. ಟಿಪ್ಪಣಿಯಲ್ಲಿ ಹೆಸರಿಲ್ಲ, ನಿಜ. ಆದರೆ ಏಳನೆಯ ತರಗತಿಗೆ ಹಟ್ಟಿಯಿಂದ ಬರುವ ಹುಡುಗಿ ಇದ್ದವಳೇ ಒಬ್ಬಳು. ಮಾರ್ಚಿನಲ್ಲಿ ಅಜ್ಜಂಪುರಕ್ಕೆ ಹೋಗಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಬರೆದರೆ, ಆ ಹಟ್ಟಿಯಿಂದ ಅಲ್ಲಿಯ ತನಕ ಬಂದ ಮೊದಲನೆಯವಳು ಅವಳೇ ಆಗುತ್ತಿದ್ದಳು.

“ಈಗ ಎ.ಇ.ಓ. ವಿಚಾರಣೆ ಅಂತ ಕೂತ್ರೆ,” ಬೆನಕಪ್ಪ ಬೆರಳು ಮಡಚಿದರು, “ಮೊದ್ಲು ಆ ಹುಡುಗೀನ ಕರೆಸ್ತಾರೆ. ಪರೀಕ್ಷೆ ಬಾಗಿಲಲ್ಲಿರೋವಾಗ ಅವ್ಳು ತರೀಕೆರೆ ಆಫೀಸ್ ಬಾಗಿಲಲ್ಲಿ ನಿಲ್ಬೇಕು. ಆಮೇಲೆ ಮಠದೋರು, ನಿಮ್ ಸ್ಕೂಲ್ ನೀವ್ ತಗೊಂಡ್ ಹೋಗ್ರಪ್ಪಾ ಅಂತಾರೆ. ಎಲ್ಲಿಗೆ ತಗೊಂಡ್ ಹೋಗೋಣ, ಹುಣಸೇ ಮರದ ಕೆಳಗಾ? ಜಗಲಿ ಮೇಲೆ ಕೂರೋ ಏಳು ಮಕ್ಕಳಿಗೂ ಆಗ ಜಗಲೀನೂ ಇಲ್ಲ.”

“ಹಾಗಾದ್ರೆ ಏನ್ ಬರೀಲಿ ಸಾರ್?”

ಬೆನಕಪ್ಪ ಅದಕ್ಕೇ ಕಾಯುತ್ತಿದ್ದವರಂತೆ ಪುಟ ತಿರುವಿದರು. ಮುಂದಿನ ಶುಕ್ರವಾರದ ಟಿಪ್ಪಣಿಯ ಕೆಳಗೆ ಎರಡು ಗೆರೆ ಖಾಲಿ ಇದ್ದವು. “ಇಲ್ಲಿ, ಇದೇ ಇಂಕಲ್ಲಿ. ‘ಹಿಂದಿನ ವಾರದ ಪ್ರಶ್ನೆಗೆ, ಸ್ಥಳಾವಕಾಶ ಸಾಲದ್ದರಿಂದ ಎಂದು ಉತ್ತರ ಕೊಡಲಾಯಿತು. ವಿದ್ಯಾರ್ಥಿನಿಗೆ ಸಮಾಧಾನವಾಯಿತು.’ ಮುಗೀತು. ವಿವರಣೇಲಿ, ಪುಟ ಎಂಬತ್ತೈದು ನೋಡಿ ಅಂತ ಒಂದ್ ಸಾಲು.”

“ಮಂಗಳವಾರ ಐವತ್ತೆರಡು ಜನಾನೂ ಅಲ್ಲೇ ಕೂರ್ತಾರಲ್ಲ ಸಾರ್.”

“ಮಂಗಳವಾರ ಯಾರ್ರೀ ಬಂದು ಎಣಿಸ್ತಾರೆ?” ಬೆನಕಪ್ಪ ನಗಲು ನೋಡಿದರು, ನಗು ಬರಲಿಲ್ಲ. “ನಾನೂ ಇನ್ನೆರಡು ವರ್ಷಕ್ಕೆ ರಿಟೈರ್ಡ್ ಆಗೋನು ತಾಯಿ. ಲಿಂಗದಹಳ್ಳೀಲಿ ಒಬ್ಳು ಮಗಳು ಮದುವೆಗೆ ಕೂತವ್ಳೆ. ಒಂದು ಸಾಲು.”

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದಳು. ಮನೆಯೂ ಮಠದ ಹಿತ್ತಲಿನದೇ. ಎರಡು ಕೋಣೆ, ಒಂದು ಬಚ್ಚಲು. ಶಾಲೆಯ ಗಂಟೆ ಅಡಿಗೆಮನೆಗೆ ಕೇಳುತ್ತಿತ್ತು, ಅಡಿಗೆಮನೆಯ ಒಗ್ಗರಣೆ ಶಾಲೆಗೆ.

ಹೋಗುವಷ್ಟರಲ್ಲಿ ಸುದ್ದಿ ಕೇಳಿ ಮಲ್ಲಿಕಾರ್ಜುನಯ್ಯನವರು ಅಲ್ಲಿ ಬಂದು ಕುಳಿತಿದ್ದರು. ಅತ್ತೆ ಸಾವಿತ್ರಮ್ಮ ಅವರಿಗೆ ಕಾಫಿ ಕೊಟ್ಟು ಗೋಡೆಗೆ ಒರಗಿ ನಿಂತಿದ್ದರು. ಗಂಡ ಓಂಕಾರಮೂರ್ತಿ ಅಜ್ಜಂಪುರದ ಸೊಸೈಟಿಯ ಕೆಲಸ ಮುಗಿಸಿ ಆಗಷ್ಟೇ ಬಂದು, ಸೈಕಲ್ಲನ್ನು ಒಳಗೆ ತರದೆ ಹೊಸ್ತಿಲ ಹೊರಗೇ ಹಿಡಿದುಕೊಂಡಿದ್ದ.

“ಬಾರಮ್ಮ,” ಎಂದರು ಮಲ್ಲಿಕಾರ್ಜುನಯ್ಯ. ಅವರ ದನಿ ಯಾವತ್ತೂ ಏರಿದ್ದನ್ನು ಅವಳು ಕೇಳಿರಲಿಲ್ಲ. “ಸುಸ್ತಾಗಿದೀಯ. ಮೊದ್ಲು ಕಾಫಿ ಕುಡಿ.”

ಅವಳು ಕುಡಿಯುವ ತನಕ ಅವರು ಕಾದರು. ಆಮೇಲೆ, “ಮೂರು ವರ್ಷ ಕಡೂರಿನ ಆಚೆ ಆ ಬಯಲಲ್ಲಿ ಒಬ್ಳೇ ಇದ್ದೆ. ವಾರಕ್ಕೊಂದು ಬಸ್ಸು. ನಾನೇ ಅಲ್ವೇನಮ್ಮಾ ಹೋಗಿ ಹೇಳಿ ನಿನ್ನ ಈ ಊರಿಗೆ ಹಾಕ್ಸಿದ್ದು? ಉಪಕಾರ ಅಂತ ಹೇಳ್ತಿಲ್ಲ. ನಮ್ಮನೆ ಮಗಳು ಅಂತ ಮಾಡ್ದೆ.”

“ಅದನ್ನ ಮರೆಯೋಕಾಗುತ್ತಾ ಅಯ್ಯನೋರೇ,” ಎಂದರು ಸಾವಿತ್ರಮ್ಮ, ಸೊಸೆಯ ಪರವಾಗಿ.

“ಆ ಮಕ್ಕಳನ್ನ ನಾವೇನು ಓಡಿಸಿದೀವಾ? ಬೇರೆ ಊರಲ್ಲಿ ಬೀದಿಗೇ ಬಿಟ್ಕೊಳ್ಳಲ್ಲ. ನಮ್ಮ ಜಗಲಿ ಮೇಲೇ ಅಲ್ವಾ ಕೂರೋದು? ಅದು ತಪ್ಪು ಅಂತ ಸರ್ಕಾರಕ್ಕೆ ಕಂಡ್ರೆ ಕಾಣ್ಲಿ. ಕಟ್ಟಡ ಕಟ್ಸಿಕೊಳ್ಳಲಿ. ನಾವು ಬೇಡ ಅನ್ನಲ್ಲ.”

ದಾಕ್ಷಾಯಣಿ ಚಿಕ್ಕವಳಿದ್ದಾಗ ಅಜ್ಜಿಯ ತೊಡೆಯ ಮೇಲೆ ಕೂತು ಶರಣರ ಕತೆ ಕೇಳಿದ್ದಳು. ಅಂಥವರ ಮನೆಯಲ್ಲಿ ಇಂಥವರು ಉಂಡರು, ಕುಲ ಕೇಳಲಿಲ್ಲ ಎಂಬ ಕತೆಗಳು. ಅವೇ ಕತೆಗಳನ್ನು ಈ ಮಲ್ಲಿಕಾರ್ಜುನಯ್ಯನವರೂ ಸೋಮವಾರ ವಿಭೂತಿ ಹಚ್ಚಿದ ಮೇಲೆ ಮಕ್ಕಳಿಗೆ ಹೇಳುತ್ತಿದ್ದರು, ಹೇಳುವಾಗ ಅವರ ಕಣ್ಣು ನಿಜವಾಗಿ ಒದ್ದೆಯಾಗುತ್ತಿತ್ತು. ಬಾಗಿಲು ಮುಚ್ಚಿರುತ್ತಿತ್ತು. ಇದನ್ನು ಅವರಿಗೆ ಹೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂತು. ಲೋಟ ಎತ್ತಿಕೊಂಡು ಒಳಗೆ ಹೋದಳು.

“ಒಂದು ಸಾಲು ತಾನೇ ದಾಕ್ಷಾ,” ಎಂದ ಓಂಕಾರಮೂರ್ತಿ, ಅವರು ಹೋದ ಮೇಲೆ. “ನಾವು ಸೊಸೈಟೀಲಿ ದಿನಾ ಹತ್ತು ಬರೀತೀವಿ.”

“ನಿಮಗೆ ನೆನಪಿರುತ್ತಾ ಅವೆಲ್ಲ?”

“ಯಾಕೆ ನೆನಪಿರ್ಬೇಕು?”

ಅವಳಿಗೆ ಅಸೂಯೆಯಾಯಿತು.

ಮಾರನೆಯ ದಿನ ನೀರು ಸೇದುವಾಗ ಅವಳಿಗೊಂದು ದಾರಿ ಹೊಳೆಯಿತು. ಉತ್ತರ ಕೊಡಲಾಯಿತು ಎಂದು ಬರೆದರೆ ಸುಳ್ಳು. ಆದರೆ ಈ ಶುಕ್ರವಾರ ನಿಜವಾಗಿಯೇ ಉತ್ತರ ಕೊಟ್ಟರೆ? ಕೊಟ್ಟ ಮೇಲೆ ಈ ವಾರದ ಪುಟದಲ್ಲೇ ಬರೆದರೆ? ಆಗ ಸಾಲೂ ನಿಜ, ತಾರೀಕೂ ನಿಜ. ಕೊಡ ತುಂಬಿ ಚೆಲ್ಲುತ್ತಿದ್ದರೂ ಅವಳು ಹಗ್ಗ ಹಿಡಿದೇ ನಿಂತಿದ್ದಳು. ಆದರೆ ಏನೆಂದು ಉತ್ತರ ಕೊಡುವುದು? ಜಾಗವಿಲ್ಲ ಎನ್ನಲಾಗದು. ಮಠದ ಪದ್ಧತಿ ಎಂದರೆ, ಹಾಗಾದರೆ ಶಾಲೆ ಯಾರದು ಎಂದು ಆ ಹುಡುಗಿ ಕೇಳಿಯೇ ಕೇಳುತ್ತಾಳೆ. ಮೂರು ದಿನ ರೊಟ್ಟಿ ತಟ್ಟುವಾಗ, ತಲೆ ಬಾಚುವಾಗ, ಹಾಜರಿ ಕೂಗುವಾಗ ಅವಳು ಆ ಉತ್ತರವನ್ನು ಮಾಡಿದಳು, ಕೆಡಿಸಿದಳು, ಮತ್ತೆ ಮಾಡಿದಳು. ಕೊನೆಗೆ ಉಳಿದದ್ದು ಮೂರು ಸಣ್ಣ ವಾಕ್ಯ: ಅದು ಮಠದ ಪದ್ಧತಿ. ಶಾಲೆಯ ನಿಯಮ ಅಲ್ಲ. ಅದು ಸರಿಯಲ್ಲ ಎಂದು ನನಗೆ ಅನಿಸುತ್ತದೆ.

ಮೂರನೆಯದನ್ನು ಹೇಳುವಷ್ಟು ಬಾಯಿ ಬರುತ್ತದೋ ಇಲ್ಲವೋ, ಅದನ್ನು ಶುಕ್ರವಾರಕ್ಕೇ ಬಿಟ್ಟಳು.

ಗುರುವಾರ ಬೆಳಿಗ್ಗೆ ಶಾಲೆಯ ಹಿಂದಿನ ಬೇಲಿಯ ಹತ್ತಿರ ಒಬ್ಬ ಗಂಡಸು ನಿಂತಿದ್ದ. ಅವಳನ್ನು ಕಂಡದ್ದೇ ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡ. ಹುಲಿಗೆಮ್ಮನ ಅಪ್ಪ ಲಕ್ಕಣ್ಣ. ಮಠದ ಹೊಲದಲ್ಲಿ ವರ್ಷಪೂರ್ತಿ ಕೆಲಸ ಅವನದು.

“ಅವ್ವಾರೇ, ನಮ್ ಹುಡುಗಿ ಏನೋ ಬಾಯ್ಜಾರಿ ಅಂದ್ಬುಟ್ಟವ್ಳಂತೆ.”

“ಬಾಯಿ ಜಾರಿಲ್ಲ ಲಕ್ಕಣ್ಣ. ಅವಳು ಕೇಳಿದ್ದು ತಪ್ಪಲ್ಲ.”

“ತಪ್ಪಲ್ಲ ಅಂತ ನಂಗೂ ಗೊತ್ತು ಕಣವ್ವಾ,” ಎಂದ ಲಕ್ಕಣ್ಣ. “ಅದ್ಕೇ ಹೆದ್ರಿಕೆ. ತಪ್ಪಾಗಿದ್ರೆ ಎರಡೇಟು ಹಾಕಿ, ಕಾಲಿಗೆ ಬೀಳ್ಸಿ ಮುಗಿಸ್ತಿದ್ದೆ.”

ಅವಳು ಬೇಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

“ಅವ್ಳು ಪಾಸಾದ್ರೆ ಅಜ್ಜಂಪುರದಾಗೆ ಹಾಸ್ಟೆಲ್ಲು ಕೊಡ್ತಾರಂತೆ. ಅಷ್ಟಾಗ್ಲಿ ಅವ್ವಾರೇ. ಅಲ್ಲಿಗಂಟ ಜಗಲಿ ಮ್ಯಾಗೆ ಕುಂತ್ಕತಾಳೆ. ನಾವೆಲ್ಲ ಕುಂತಿಲ್ವಾ? ನೀವು ಒಳ್ಳೇರು. ಒಳ್ಳೇರು ಬರೆಯಾದೇ ನಮಗೆ ಭಯ.”

ಅವನು ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹೋದ. ಅವನ ಕೊನೆಯ ಮಾತನ್ನು ಅವನು ನಿಂದೆಯಾಗಿ ಹೇಳಿರಲಿಲ್ಲ. ಹಾಗಾಗಿ ಅದನ್ನು ತಳ್ಳಿಹಾಕಲು ಅವಳಿಗೆ ಆಗಲಿಲ್ಲ.

ಶುಕ್ರವಾರ ಕೊನೆಯ ಅವಧಿಗೆ ಭಿತ್ತಿಪಟವನ್ನು ಮೊಳೆಗೆ ನೇತುಹಾಕಿದಳು. ಆರು ಚಿತ್ರಗಳು: ಗೋಪುರ, ಮಸೀದಿ, ಇಗರ್ಜಿ, ಬಸದಿ, ಸ್ತೂಪ, ಗುರುದ್ವಾರ. ಆರರಲ್ಲಿ ನಾಲ್ಕನ್ನು ಆ ಮಕ್ಕಳು ಕಣ್ಣಿಂದ ಕಂಡವರಲ್ಲ. ಹಟ್ಟಿಯ ಬೇವಿನ ಮರದ ಕೆಳಗಿನ ಕರಿಯಮ್ಮನ ಕಲ್ಲು ಯಾವ ಚಿತ್ರದಲ್ಲೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಬೆನಕಪ್ಪನವರು ಕೆಮ್ಮುವುದು ಕೇಳಿಸಿತು. ಕೆಮ್ಮು ನಿಂತಿತು. ಕೇಳಿಸಿಕೊಳ್ಳುತ್ತಿದ್ದಾರೆ.

“ಹಿಂದೆ ಒಂದು ದಿನ ಈ ಪಾಠ ಮಾಡುವಾಗ ಒಂದು ಪ್ರಶ್ನೆ ಬಂದಿತ್ತು,” ಎಂದಳು. “ಆವತ್ತು ನಾನು ಉತ್ತರ ಹೇಳ್ಲಿಲ್ಲ. ಇವತ್ತು ಹೇಳ್ತೀನಿ. ಹುಲಿಗೆಮ್ಮ, ಇನ್ನೊಂದ್ಸಲ ಕೇಳು.”

ಹುಲಿಗೆಮ್ಮ ಎದ್ದು ನಿಂತಳು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ, ತೊಳೆದು ತೊಳೆದು ಬಣ್ಣ ಬಿಟ್ಟ ನೀಲಿ ಲಂಗ. ಅವಳು ಟೀಚರ್ ಮುಖ ನೋಡಲಿಲ್ಲ. ಭಿತ್ತಿಪಟ ನೋಡಿದಳು.

“ನಾನು ಏನೂ ಕೇಳಿಲ್ಲ ಮೇಡಂ.”

“ಕೇಳಿದ್ಲು ಮೇಡಂ! ಜಗಲಿ ವಿಷ್ಯ!” ಹಿಂದಿನಿಂದ ಒಬ್ಬ ಹುಡುಗ ಕೂಗಿದ.

“ಸುಮ್ನಿರಲೇ, ನಿನ್ನ ಕೇಳಿದ್ರಾ?” ಎಂದು ಇನ್ನೊಬ್ಬ ಅವನ ತೊಡೆಗೆ ಗುದ್ದಿದ.

“ನಾನು ಕೇಳಿಲ್ಲ,” ಎಂದಳು ಹುಲಿಗೆಮ್ಮ ಮತ್ತೆ, ಒಂದೊಂದೇ ಪದ ಬಿಡಿಸಿ, ಹೇಳಿದ್ದನ್ನು ಮುಂದೆ ನೆನಪಿಟ್ಟುಕೊಳ್ಳಬೇಕು ಎಂಬ ಎಚ್ಚರದಲ್ಲಿ. ಹದಿಮೂರು ವರ್ಷದ ಹುಡುಗಿಯ ಮುಖದ ಮೇಲೆ ದಾಕ್ಷಾಯಣಿ ಆ ಎಚ್ಚರ ಕಂಡಳು. ಆ ಮುಖ ಅವಳಿಗೆ ಗುರುತಿತ್ತು. ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದಳು.

“ಸರಿ, ಕೂತ್ಕೋ.”

ಮೂರು ವಾಕ್ಯಗಳೂ ಬಾಯಲ್ಲೇ ಉಳಿದವು. ಕೇಳದ ಪ್ರಶ್ನೆಗೆ ಉತ್ತರ ಹೇಗೆ ಹೇಳುವುದು? ಹೇಳಿದರೆ, ಕೇಳಿದವಳು ಇವಳೇ ಎಂದು ತರಗತಿಯ ಮುಂದೆ ಬೆರಳು ತೋರಿಸಿದ ಹಾಗೆ. ಗಂಟೆ ಹೊಡೆಯುವ ತನಕ ಮಕ್ಕಳಿಂದ ಭಾಗಾಕಾರ ಮಾಡಿಸಿದಳು.

ಶನಿವಾರ ಮಧ್ಯಾಹ್ನ, ಮಕ್ಕಳು ಹೋದ ಮೇಲೆ, ಖಾಲಿ ಹಜಾರದಲ್ಲಿ ಕೂತು ವಿವರಣೆ ಬರೆದಳು. ಬರೆದು ಹರಿದಳು. ಸ್ಥಳಾವಕಾಶ ಎಂದು ಒಂದು ಸಲ ಬರೆದೂ ನೋಡಿದಳು. ಅಕ್ಷರ ಚೆನ್ನಾಗಿಯೇ ಬಂದಿತ್ತು. ಅದನ್ನೂ ಹರಿದಳು. ನಾಲ್ಕನೆಯ ಹಾಳೆಯನ್ನು ಬೆನಕಪ್ಪನವರ ಮೇಜಿನ ಮೇಲಿಟ್ಟಳು.

“ಪುಟ ೮೪ರಲ್ಲಿ ನಮೂದಿಸಿದ ಪ್ರಶ್ನೆಯನ್ನು ಕೇಳಿದ್ದಾಗಿ ಈಗ ಯಾವ ವಿದ್ಯಾರ್ಥಿನಿಯೂ ಹೇಳುತ್ತಿಲ್ಲ. ಆದ್ದರಿಂದ ಆ ಪ್ರಶ್ನೆ ನನ್ನದೆಂದು ತಿಳಿಯಬೇಕಾಗಿ ವಿನಂತಿ. ಅದಕ್ಕೆ ಮಕ್ಕಳಿಗೆ ಕೊಡಬಹುದಾದ ಉತ್ತರ ನನ್ನಲ್ಲಿಲ್ಲ. ಮೇಲಧಿಕಾರಿಗಳು ದಯವಿಟ್ಟು ತಿಳಿಸಬೇಕು.”

ಬೆನಕಪ್ಪ ಎರಡು ಸಲ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.

“ನಿಮ್ ಮೇಲೇ ಹಾಕ್ಕೊಂಡ್ರಲ್ಲ ತಾಯಿ.”

“ಹುಡುಗಿ ಹೆಸರಿಲ್ಲ ಸಾರ್. ಮಠದ ಹೆಸರೂ ಇಲ್ಲ. ನೀವೇನೂ ತಪ್ಪು ಮಾಡಿದ ಹಾಗೆ ಇಲ್ಲ.”

“ನಿಮ್ಮ ಕೆಲ್ಸ ಹೋದ್ರೆ? ಮತ್ತೆ ಆ ಕಡೂರಿನ ಆಚೆಗೆ ಎತ್ತಾಕಿದ್ರೆ?”

ಅವಳು ಹಾಳೆಯ ಕೆಳಗಿನ ಖಾಲಿ ಜಾಗ ತೋರಿಸಿದಳು. ಬೆನಕಪ್ಪ ಪೆನ್ನು ತೆಗೆದರು. “ಈ ಸಲ ಓದಿ ಹಾಕ್ತಾ ಇದೀನಿ ನೋಡಿ,” ಎಂದು ಸೈನು ಮಾಡಿ, ಹಾಳೆಯನ್ನು ಟಿಪ್ಪಣಿ ಪುಸ್ತಕದೊಳಗಿಟ್ಟು ತರೀಕೆರೆಗೆ ಕಳಿಸಿದರು.

ಆಮೇಲಿನ ಮೂರು ವಾರ ದಾಕ್ಷಾಯಣಿ ಪ್ರತಿ ಬಸ್ಸಿನ ಸದ್ದಿಗೂ ಕಿವಿ ಕೊಟ್ಟಳು. ಅಂಚೆಯವನು ಶಾಲೆಯ ಕಡೆ ತಿರುಗಿದರೆ ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು. ಓಂಕಾರಮೂರ್ತಿ ಅವಳೊಡನೆ ಮಾತು ಕಡಿಮೆ ಮಾಡಿದ. ಸಾವಿತ್ರಮ್ಮ ಮಾತು ಬಿಡಲಿಲ್ಲ, ಆದರೆ ಟ್ರಂಕು ಕೆಳಗಿಳಿಸಿ ಸೊಸೆಯ ಕಾಟನ್ ಸೀರೆಗಳನ್ನು ಒಗೆದು ಮಡಚಿ ಅದರಲ್ಲಿಟ್ಟರು. “ಸುಮ್ನೆ ಇಟ್ಟೆ ಕಣೇ, ಹುಳ ಹಿಡೀಬಾರ್ದು ಅಂತ,” ಎಂದರು.

ಪುಸ್ತಕ ಬಂದದ್ದು ಫೆಬ್ರವರಿ ಕೊನೆಯ ಶನಿವಾರ, ಏಳನೆಯ ತರಗತಿಯ ಹಾಲ್ ಟಿಕೆಟ್ಟುಗಳ ಜೊತೆ ಒಂದೇ ಕಟ್ಟಿನಲ್ಲಿ. ಬೆನಕಪ್ಪ ದಾರ ಬಿಚ್ಚಿದರು. ಒಳಗೆ ಅವಳ ವಿವರಣೆಯ ಹಾಳೆ. ಅದರ ಮೂಲೆಯಲ್ಲಿ ಅದೇ ಕೆಂಪು ಪೆನ್ಸಿಲಿನಲ್ಲಿ ಒಂದೇ ಪದ: “ನೋಡಲಾಗಿದೆ.” ಕೆಳಗೆ ಚಿಕ್ಕ ಸಹಿ.

ಹಿಂದೆ ತಿರುಗಿಸಿ ನೋಡಿದರು. ಅಲ್ಲೇನೂ ಇರಲಿಲ್ಲ.

“ಬದುಕಿದ್ವಿ ತಾಯಿ!” ಬೆನಕಪ್ಪ ಹೋಟೆಲಿನಿಂದ ಎಲ್ಲರಿಗೂ ಬೋಂಡ ತರಿಸಿದರು. ಸಂಜೆಗೆ ಮಲ್ಲಿಕಾರ್ಜುನಯ್ಯನವರ ಮನೆಯಿಂದ ಒಂದು ಚಿಪ್ಪು ಬಾಳೆಹಣ್ಣು ಬಂತು. ಸಾವಿತ್ರಮ್ಮ ಸೀರೆಗಳನ್ನು ಟ್ರಂಕಿನಿಂದ ತೆಗೆದು ಮತ್ತೆ ಗೂಟಕ್ಕೆ ಹಾಕಿದರು. ಓಂಕಾರಮೂರ್ತಿ ಅವಳಿಗೆ ಅಜ್ಜಂಪುರದಿಂದ ಮಲ್ಲಿಗೆ ತಂದ. ದಾಕ್ಷಾಯಣಿ ಹೂವು ಮುಡಿದುಕೊಂಡಳು. ಶಿಕ್ಷೆ ಬರುತ್ತದೆಂದು ಮೂರು ವಾರ ಹೆದರಿದ್ದಳು. ಶಿಕ್ಷೆಯಾಗಿದ್ದರೆ, ತಾನು ಕೇಳಿದ್ದನ್ನು ಯಾರೋ ಒಬ್ಬರು ಕೇಳಿಸಿಕೊಂಡರು ಎಂದಾದರೂ ಆಗುತ್ತಿತ್ತು ಎಂಬ ಯೋಚನೆ ಬಂದಾಗ ತನ್ನ ಬಗ್ಗೆ ತನಗೇ ಗಾಬರಿಯಾಯಿತು.

ಸೋಮವಾರ ಗಂಟೆ ಹೊಡೆಯಿತು. ಪರದೆ ಸರಿಯಿತು. ಏಳು ಮಕ್ಕಳು ಎದ್ದರು. ಮುಂದಿನ ಆರು ಜನ ಹೊಸ್ತಿಲು ದಾಟಿದರು. ಕೊನೆಯವಳು ಹುಲಿಗೆಮ್ಮ, ಎದೆಗೆ ಅವಚಿಕೊಂಡ ಗಣಿತದ ಪುಸ್ತಕದಿಂದ ಹಾಲ್ ಟಿಕೆಟ್ಟಿನ ಅಂಚು ಇಣುಕುತ್ತಿತ್ತು. ಇನ್ನೊಂದು ಕೈ ಬಾಗಿಲಿನ ಬಳೆಯ ಮೇಲಿತ್ತು.

“ಹುಲಿಗೆಮ್ಮ, ಬೇಡ,” ಎಂದಳು ದಾಕ್ಷಾಯಣಿ. ಹೇಳುತ್ತೇನೆಂದು ಅವಳೇ ಎಣಿಸಿರಲಿಲ್ಲ. “ಇವತ್ತು ಬಾಗಿಲು ತೆಗೆದೇ ಇರ್ಲಿ.”

ಮಲ್ಲಿಕಾರ್ಜುನಯ್ಯನವರು ಗೀರಿದ ಕಡ್ಡಿಗೆ ಅಂಗೈ ಅಡ್ಡ ಹಿಡಿದು ತಿರುಗಿದರು. “ಗಾಳಿ ಕಣಮ್ಮಾ,” ಎಂದರು ಮೆಲ್ಲಗೆ. “ದೀಪ ನಿಲ್ಲಲ್ಲ.”

ಹುಲಿಗೆಮ್ಮ ಅವರನ್ನು ನೋಡಿದಳು. ದಾಕ್ಷಾಯಣಿಯನ್ನು ನೋಡಿದಳು, ಈ ಸಲ ನೇರವಾಗಿ ಮುಖವನ್ನೇ. ಕಡ್ಡಿ ಉರಿಯುತ್ತಾ ಬೆರಳಿನ ಹತ್ತಿರ ಬರುತ್ತಿತ್ತು.

“ಪರವಾಗಿಲ್ಲ ಬಿಡಿ ಮೇಡಂ,” ಎಂದಳು ಹುಡುಗಿ, ತನಗಿಂತ ಚಿಕ್ಕವರನ್ನು ಸಮಾಧಾನ ಮಾಡುವ ದನಿಯಲ್ಲಿ. ಬಾಗಿಲನ್ನು ತಾನೇ ಎಳೆದುಕೊಂಡಳು. ಅದು ಕಿರುಗುಟ್ಟದ ಹಾಗೆ ಸ್ವಲ್ಪ ಎತ್ತಿ ಎಳೆಯಬೇಕೆಂಬುದು ಅವಳಿಗೆ ಗೊತ್ತಿತ್ತು.

ದೀಪ ನಿಂತಿತು. ತಟ್ಟೆ ಸಾಲು ಸಾಲಾಗಿ ಮುಂದೆ ಬಂತು. ಜಗಲಿಯಿಂದ ಏಳು ದನಿ, ಯಾರೂ ಹೇಳಿಸದೆ, ಹದಿನೇಳರ ಮಗ್ಗಿ ಹಿಡಿದವು. ಮಕ್ಕಳೆಲ್ಲರ ಹಣೆ ಮುಗಿಸಿ ಮಲ್ಲಿಕಾರ್ಜುನಯ್ಯನವರು ದಾಕ್ಷಾಯಣಿಯ ಎದುರು ಬಂದು ನಿಂತು, ಬೆರಳಿಗೆ ವಿಭೂತಿ ತೆಗೆದುಕೊಂಡು ಕಾದರು. ಮಗ್ಗಿ ಹದಿನೇಳು ಹತ್ತಕ್ಕೆ ಮುಟ್ಟುವ ತನಕ ಕಾದರು.

ಅವಳು ಹಣೆಯನ್ನು ಮುಂದೆ ಮಾಡಿದಳು.